ಇಂಜಿನಿಯರಿಂಗೋ, ಬಿ.ಸಿ.ಎ.ಯೋ?

ಈಚಿನ ವರ್ಷಗಳಲ್ಲಿ ದ್ವಿತೀಯ ಪಿ.ಯು.ಸಿ. ಫಲಿತಾಂಶವು ಏಪ್ರಿಲ್ ತಿಂಗಳಲ್ಲಿಯೇ ಹೊರಬೀಳುತ್ತಿದೆ. ಅದು ಬಂದ ಮರುದಿನದಿಂದ ನಮ್ಮ ಮನೆಗಳಲ್ಲಿ, ಬೀಗರ ಮನೆಗಳಲ್ಲಿ, ಕಡೆಗೆ ಜಾತ್ರೆಯ ಪ್ರಸಾದದ ಪಂಕ್ತಿಯಲ್ಲಿ ಕೂಡ ಕೇಳಿಬರುವ ಪ್ರಶ್ನೆ ಒಂದೇ: "ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆ?" ಸಿಕ್ಕಿದರೆ ಸಂಭ್ರಮ. ಸಿಗದಿದ್ದರೆ ಮನೆಯವರೆಲ್ಲ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಓಡಾಡುತ್ತಾರೆ. ಹದಿನೆಂಟು ವರ್ಷದ ಮಗುವೊಂದರ ಯೋಗ್ಯತೆಯನ್ನೆಲ್ಲ ಒಂದು ಸೀಟಿನಿಂದ ಅಳೆಯುವ ಈ ಪದ್ಧತಿ ಎಲ್ಲಿಂದ ಬಂದಿತು, ಆ ಸೀಟು ದೊರೆಯದಿದ್ದಾಗ ಅಥವಾ ಬೇಡವೆನಿಸಿದಾಗ ಬೇರೆ ದಾರಿ ಯಾವುದು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಪತ್ರವೇ ಕಾರಣ. ನಮ್ಮ ಓದುಗರ ಬಳಗದ ತಾಯಿಯೊಬ್ಬರು ಹೀಗೆ ಬರೆದಿದ್ದಾರೆ: "ಗುರುಗಳೆ, ನಮ್ಮ ಮಗ ವಿಜ್ಞಾನದಲ್ಲಿ ಪಿ.ಯು.ಸಿ. ಪಾಸಾಗಿದ್ದಾನೆ. ಸಿ.ಇ.ಟಿ.ಯಲ್ಲಿ ರ್‍ಯಾಂಕು ಲಕ್ಷದ ಆಚೆ ಹೋಗಿದೆ. ಅವರ ತಂದೆಯವರು ಎರಡು ಎಕರೆ ನೀರಾವರಿ ಹೊಲವನ್ನು ಮಾರಿ ಆಡಳಿತ ಮಂಡಳಿಯ ಸೀಟು ಕೊಡಿಸುವುದಾಗಿ ಹಟ ಹಿಡಿದಿದ್ದಾರೆ. ಹುಡುಗ ಮಾತ್ರ ತಾನು ಬಿ.ಸಿ.ಎ. ಓದುತ್ತೇನೆ ಎನ್ನುತ್ತಾನೆ. ಬರಿ ಡಿಗ್ರಿ ಓದಿದವನಿಗೆ ನಾಳೆ ಹೆಣ್ಣು ಕೊಡುವವರು ಯಾರು ಎಂದು ಬೀಗರು ನಗುತ್ತಾರೆ. ಇವನ ಹಿಂದೆ ಮಗಳೊಬ್ಬಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಏನು ಮಾಡಬೇಕೆಂದು ತಿಳಿಯದಾಗಿದೆ." ಈ ತಾಯಿಯ ಸಂಕಟ ಅವರೊಬ್ಬರದಲ್ಲ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿಯೇ ಬರೆಯುತ್ತಿದ್ದೇವೆ.

ಇಂಜಿನಿಯರ್ ಎಂಬ ಮಾತಿಗೆ ಬಂದ ಗೌರವ

ನಮ್ಮ ನಾಡಿನಲ್ಲಿ ಇಂಜಿನಿಯರ್ ಎಂಬ ಮಾತಿಗೆ ಇರುವ ಗೌರವವು ಸುಮ್ಮನೆ ಬಂದುದಲ್ಲ. ಕನ್ನಂಬಾಡಿಯ ಕಟ್ಟೆಯನ್ನು ಕಂಡವರಿಗೆ, ವಿಶ್ವೇಶ್ವರಯ್ಯನವರ ಹೆಸರನ್ನು ಶಾಲೆಯಲ್ಲಿ ಕೇಳಿ ಬೆಳೆದವರಿಗೆ, ಆ ವಿದ್ಯೆ ನಾಡನ್ನು ಕಟ್ಟುವ ವಿದ್ಯೆಯಾಗಿ ತೋರಿತು. ೧೯೧೭ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿದ್ದು ಅವರ ಪ್ರಯತ್ನದಿಂದಲೇ. ೧೯೧೬ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯು ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ೧೯೬೩ರಲ್ಲಿ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜೂ ಆರಂಭವಾದುವು. ಸೇತುವೆ, ಕಾಲುವೆ, ವಿದ್ಯುತ್ತು, ಯಂತ್ರ ಇವುಗಳಿಗೆ ತಜ್ಞರು ಬೇಕಾಗಿದ್ದ ಕಾಲದಲ್ಲಿ ಹಳ್ಳಿಯ ಒಕ್ಕಲು ಮಕ್ಕಳು ಈ ಕಾಲೇಜುಗಳಲ್ಲಿ ಓದಿ ತಮ್ಮ ಮನೆತನಗಳನ್ನು ಮೇಲೆತ್ತಿದರು. ಆ ನೆನಪು ನಮ್ಮ ಹಿರಿಯರ ಮನಸ್ಸಿನಲ್ಲಿ ಇನ್ನೂ ಹಸಿರಾಗಿದೆ.

ಆಮೇಲೆ ಬಂದುದು ಗಣಕಯಂತ್ರದ ಕಾಲ. ೧೯೮೩ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದಿತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅದೇ ನಗರದಲ್ಲಿ ನೆಲೆಯೂರಿತು. ೧೯೯೧ರ ಬಳಿಕ ಸಾಫ್ಟ್‌ವೇರ್ ಉದ್ಯಮವು ಮಳೆಗಾಲದ ಹೊಳೆಯಂತೆ ತುಂಬಿ ಹರಿಯಿತು. ಈ ಸಂಸ್ಥೆಗಳಿಗೆ ವರ್ಷಕ್ಕೆ ಸಾವಿರಾರು ತರುಣರು ಬೇಕಾದರು. ಗಣಕ ವಿಜ್ಞಾನವನ್ನು ಓದಿದವರು ಅಷ್ಟು ಸಂಖ್ಯೆಯಲ್ಲಿ ಇರಲಿಲ್ಲವಾದ್ದರಿಂದ ಅವು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಭೇದವಿಲ್ಲದೆ ಎಲ್ಲ ಶಾಖೆಯ ಇಂಜಿನಿಯರರನ್ನೂ ಸೇರಿಸಿಕೊಂಡು, ಕೆಲವು ತಿಂಗಳು ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚಿದುವು. ಮೈಸೂರಿನಲ್ಲಿ ಇನ್ಫೋಸಿಸ್ ಕಟ್ಟಿಸಿರುವ ತರಬೇತಿ ಕೇಂದ್ರವು ಇದಕ್ಕೆ ದೊಡ್ಡ ನಿದರ್ಶನ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸೇತುವೆಯ ಲೆಕ್ಕ ಕಲಿತವನು ಆರು ತಿಂಗಳ ತರಬೇತಿಯಿಂದ ಬ್ಯಾಂಕಿನ ಸಾಫ್ಟ್‌ವೇರನ್ನು ಬರೆಯಬಲ್ಲನಾದರೆ, ಮೂರು ವರ್ಷ ಗಣಕದ ವಿದ್ಯೆಯನ್ನೇ ಓದಿದವನು ಅದನ್ನು ಏಕೆ ಬರೆಯಲಾರ? ಸಂಸ್ಥೆಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿಕೊಂಡಿವೆ. ವಿಪ್ರೊ ಸಂಸ್ಥೆಯು ಬಿ.ಸಿ.ಎ. ಮತ್ತು ಬಿ.ಎಸ್‌ಸಿ. ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ಕೆಲಸದ ಜೊತೆಗೆ ಸ್ನಾತಕೋತ್ತರ ಪದವಿಯನ್ನೂ ಓದಿಸುವ ಯೋಜನೆಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಟಿ.ಸಿ.ಎಸ್. ಕೂಡ ಇಂತಹ ಪದವೀಧರರಿಗೆಂದೇ ಪ್ರತ್ಯೇಕ ನೇಮಕಾತಿಯನ್ನು ಏರ್ಪಡಿಸಿದೆ. ನೆಂಟರಿಷ್ಟರು ಏನೇ ಹೇಳಲಿ, ಕೆಲಸ ಕೊಡುವವರು ಬಿ.ಸಿ.ಎ. ಪದವಿಗೆ ಬಾಗಿಲು ಮುಚ್ಚಿಲ್ಲ.

ಬಿ.ಸಿ.ಎ. ಎಂದರೇನು?

ಬಿ.ಸಿ.ಎ. ಎಂದರೆ ಬ್ಯಾಚುಲರ್ ಆಫ್ ಕಂಪ್ಯೂಟರ್ ಅಪ್ಲಿಕೇಷನ್ಸ್. ಗಣಕವನ್ನು ಲೋಕದ ಕೆಲಸಗಳಿಗೆ ಅನ್ವಯಿಸುವ ವಿದ್ಯೆ ಎಂದು ಕನ್ನಡದಲ್ಲಿ ಹೇಳಬಹುದು. ಇದರ ಹಿರಿಯಕ್ಕನಾದ ಎಂ.ಸಿ.ಎ. ಮೊದಲು ಹುಟ್ಟಿತು. ೧೯೬೫ರಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಗಣಕ ವಿಜ್ಞಾನದ ಪಾಠಕ್ರಮ ಆರಂಭವಾದಾಗ ಅದನ್ನು ರೂಪಿಸಿದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ದೇಶಕ್ಕೆ ಎಷ್ಟು ಮಂದಿ ಗಣಕ ತಜ್ಞರು ಬೇಕಾದಾರು ಎಂಬುದನ್ನು ಪರಿಶೀಲಿಸಿದ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. ಆ ಸಮಿತಿಯ ಸಲಹೆಯ ಫಲವಾಗಿ ೧೯೮೦ರ ದಶಕದಲ್ಲಿ ಎಂ.ಸಿ.ಎ. ಪದವಿ ರೂಪುಗೊಂಡಿತು. ಇಂಜಿನಿಯರಿಂಗ್ ಓದದ ಪದವೀಧರರೂ ಗಣಕ ಕ್ಷೇತ್ರಕ್ಕೆ ಬರಲಿ ಎಂಬುದೇ ಅದರ ಆಶಯ. ಆಮೇಲೆ ಅದಕ್ಕೆ ಮೆಟ್ಟಿಲಾಗಿ ಬಿ.ಸಿ.ಎ. ಬಂದಿತು. ಆದ್ದರಿಂದ ಇದು ಇಂಜಿನಿಯರಿಂಗಿನ ಎಂಜಲಲ್ಲ. ಬೇರೆಯದೇ ಉದ್ದೇಶದಿಂದ ಬೇರೆಯಾಗಿ ಕಡೆದ ದಾರಿ.

ಎರಡರ ಪಾಠಗಳಲ್ಲಿ ಸಮಾನವಾದುವೂ ಇವೆ, ಭಿನ್ನವಾದುವೂ ಇವೆ. ಸಿ, ಜಾವಾ, ಪೈಥಾನ್ ಮೊದಲಾದ ಗಣಕ ಭಾಷೆಗಳು, ದತ್ತಾಂಶಗಳನ್ನು ಜೋಡಿಸಿಡುವ ಕ್ರಮ, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ, ಗಣಕಜಾಲ, ಸಾಫ್ಟ್‌ವೇರ್ ತಯಾರಿಸುವ ವಿಧಾನ ಇವು ಎರಡೂ ಕಡೆ ಇವೆ. ಗಣಕ ವಿಜ್ಞಾನದ ಇಂಜಿನಿಯರಿಂಗಿನಲ್ಲಿ ಇವುಗಳ ಜೊತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಹಲವು ಸೆಮಿಸ್ಟರುಗಳ ಗಣಿತ, ಯಂತ್ರದ ಒಳರಚನೆ, ಕಂಪೈಲರ್ ಮೊದಲಾದ ಆಳವಾದ ವಿಷಯಗಳು ಬರುತ್ತವೆ. ಬಿ.ಸಿ.ಎ.ಯಲ್ಲಿ ಆ ಆಳ ಕಡಿಮೆ. ಅದರ ಬದಲು ನಮ್ಮ ರಾಜ್ಯದ ಪದವಿ ಪದ್ಧತಿಯಂತೆ ಕನ್ನಡವೂ ಇಂಗ್ಲಿಷೂ ಪಠ್ಯದಲ್ಲಿರುತ್ತವೆ. ಮಗು ಗಣಕದ ಜೊತೆಗೆ ತಾಯ್ನುಡಿಯ ಸಾಹಿತ್ಯವನ್ನೂ ಓದುತ್ತದೆ ಎಂಬುದು ನಮ್ಮಂತಹವರಿಗೆ ಸಂತೋಷದ ಮಾತು.

ಪ್ರವೇಶದ ಕ್ರಮವೂ ಬೇರೆ. ಇಂಜಿನಿಯರಿಂಗಿಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿರಲೇಬೇಕು. ಸಿ.ಇ.ಟಿ. ಅಂಕಕ್ಕೆ ಅರ್ಧ, ಪಿ.ಯು.ಸಿ. ಅಂಕಕ್ಕೆ ಅರ್ಧ ಬೆಲೆ ಕೊಟ್ಟು ರ್‍ಯಾಂಕು ನಿಗದಿ ಮಾಡುತ್ತಾರೆ. ಬಿ.ಸಿ.ಎ.ಗೆ ಈ ಸಿ.ಇ.ಟಿ.ಯ ತೊಡಕಿಲ್ಲ. ವಾಣಿಜ್ಯದಲ್ಲಿ ಗಣಕ ವಿಜ್ಞಾನ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳನ್ನು ಓದಿದ ಮಕ್ಕಳಿಗೂ ಹಲವು ವಿಶ್ವವಿದ್ಯಾಲಯಗಳು ಅವಕಾಶ ಕೊಡುತ್ತವೆ. ಹತ್ತನೆಯ ತರಗತಿಯಲ್ಲಿ ವಿಜ್ಞಾನ ಬೇಡವೆಂದ ಮಗುವಿಗೂ ಈ ಬಾಗಿಲು ತೆರೆದಿರುತ್ತದೆ ಎಂಬುದು ಇದರ ದೊಡ್ಡ ಅನುಕೂಲ.

ಈಚೆಗೆ ಆದ ಬದಲಾವಣೆಗಳು

ಅವಧಿಯ ವಿಷಯದಲ್ಲಿ ಅನೇಕರಿಗೆ ಗೊಂದಲವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ನಮ್ಮ ರಾಜ್ಯದಲ್ಲಿ ೨೦೨೧-೨೨ರಿಂದ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. ೨೦೨೪ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಅದನ್ನು ಕೈಬಿಟ್ಟು, ೨೦೨೪-೨೫ರಿಂದ ಮತ್ತೆ ಮೂರು ವರ್ಷದ ಪದವಿಯನ್ನೇ ತಂದಿತು. ಅದೇ ವರ್ಷದಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಬಿ.ಸಿ.ಎ. ಪದವಿಯನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡು, ಅದಕ್ಕೊಂದು ಮಾದರಿ ಪಠ್ಯಕ್ರಮವನ್ನೂ ಪ್ರಕಟಿಸಿತು. ಆದ್ದರಿಂದ ಕಾಲೇಜನ್ನು ಸೇರುವ ಮುನ್ನ ಮೂರು ಸಂಗತಿಗಳನ್ನು ಕೇಳಿ ತಿಳಿಯಬೇಕು: ವಿಶ್ವವಿದ್ಯಾಲಯದ ಸಂಯೋಜನೆ ಇದೆಯೆ, ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೆ, ಪದವಿ ಮೂರು ವರ್ಷದ್ದೊ ನಾಲ್ಕು ವರ್ಷದ್ದೊ.

ಎಂ.ಸಿ.ಎ. ಹಿಂದೆ ಮೂರು ವರ್ಷದ್ದಾಗಿತ್ತು. ೨೦೨೦-೨೧ರಿಂದ ಅದು ಎರಡು ವರ್ಷಕ್ಕೆ ಇಳಿದಿದೆ. ಹೀಗಾಗಿ ಬಿ.ಸಿ.ಎ. ಮತ್ತು ಎಂ.ಸಿ.ಎ. ಸೇರಿ ಐದು ವರ್ಷಗಳಾಗುತ್ತವೆ. ಇಂಜಿನಿಯರಿಂಗಿಗೆ ನಾಲ್ಕು. ಒಂದು ವರ್ಷ ಹೆಚ್ಚು ಓದಿದರೆ ಸ್ನಾತಕೋತ್ತರ ಪದವಿಯೇ ಕೈಗೆ ಬರುತ್ತದೆ. ನಡುವೆ ಮೂರು ವರ್ಷ ಮುಗಿದಾಗ ನಿಂತು ಯೋಚಿಸಲು ಒಂದು ತಂಗುದಾಣವೂ ಸಿಗುತ್ತದೆ. ಮನೆಯಲ್ಲಿ ತಾಪತ್ರಯವಿದ್ದರೆ ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೆ ಸೇರಬಹುದು. ಅನುಕೂಲವಿದ್ದರೆ ಮುಂದೆ ಓದಬಹುದು. ಇಂಜಿನಿಯರಿಂಗನ್ನು ಮೂರನೆಯ ವರ್ಷಕ್ಕೆ ಬಿಟ್ಟವನ ಕೈಯಲ್ಲಿ ಸಾಮಾನ್ಯವಾಗಿ ಪದವಿ ಇರುವುದಿಲ್ಲ. ಕಟ್ಟಿದ ಶುಲ್ಕದ ರಸೀದಿಗಳು ಮಾತ್ರ ಇರುತ್ತವೆ.

ರಾಜ್ಯದ ಎಂ.ಸಿ.ಎ. ಸೀಟುಗಳಿಗೆ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ನಡೆಸುತ್ತದೆ. ಸುರತ್ಕಲ್ಲಿನ ಎನ್.ಐ.ಟಿ.ಯಂತಹ ರಾಷ್ಟ್ರೀಯ ಸಂಸ್ಥೆಗಳಿಗೆ ನಿಮ್‌ಸೆಟ್ ಎಂಬ ಪ್ರತ್ಯೇಕ ಪರೀಕ್ಷೆಯಿದೆ. ಈ ಎರಡನೆಯದನ್ನು ಬರೆಯಲು ಪದವಿಯಲ್ಲಿ ಗಣಿತವನ್ನೊ ಸಂಖ್ಯಾಶಾಸ್ತ್ರವನ್ನೊ ಓದಿರಬೇಕು. ಆದ್ದರಿಂದ ಗಣಿತಕ್ಕೆ ಹೆದರಿ ಅದನ್ನು ಸಂಪೂರ್ಣವಾಗಿ ಬಿಟ್ಟುಬಿಡುವ ಮಕ್ಕಳು ಒಳ್ಳೆಯ ಬಾಗಿಲೊಂದನ್ನು ತಾವಾಗಿಯೇ ಮುಚ್ಚಿಕೊಂಡಂತೆ.

ಹೊಲದ ಲೆಕ್ಕ, ಬಡ್ಡಿಯ ಲೆಕ್ಕ

ಈಗ ಆ ತಾಯಿಯ ಎರಡು ಎಕರೆಯ ಮಾತಿಗೆ ಬರೋಣ. ಆಡಳಿತ ಮಂಡಳಿಯ ಸೀಟಿಗೆ ಕಾಲೇಜಿನಿಂದ ಕಾಲೇಜಿಗೆ ದರ ಬೇರೆ. ಬೆಂಗಳೂರಿನ ಹೆಸರಾಂತ ಕಾಲೇಜುಗಳಲ್ಲಿ ಗಣಕ ವಿಜ್ಞಾನಕ್ಕೆ ಅದು ಬಹಳ ಎತ್ತರದಲ್ಲಿದೆ. ಉದಾಹರಣೆಗೆ ಹತ್ತು ಲಕ್ಷ ರೂಪಾಯಿ ಸಾಲ ತೆಗೆದರೆಂದು ಇಟ್ಟುಕೊಳ್ಳೋಣ. ಶೇಕಡಾ ೧೦ರಂತೆ ವರ್ಷಕ್ಕೆ ಬಡ್ಡಿಯೇ ಒಂದು ಲಕ್ಷ. ತಿಂಗಳಿಗೆ ಎಂಟು ಸಾವಿರ ಚಿಲ್ಲರೆ ಬಡ್ಡಿಗೇ ಹೋದರೆ ಅಸಲು ಹಾಗೆಯೇ ಕುಳಿತಿರುತ್ತದೆ. ಹುಡುಗ ನಾಲ್ಕು ವರ್ಷ ಓದಿ, ಒಂದೆರಡು ವಿಷಯಗಳಲ್ಲಿ ಹಿಂದೆ ಬಿದ್ದು, ಕೆಲಸ ಸಿಗಲು ಇನ್ನೊಂದು ವರ್ಷ ಕಾದರೆ ಆ ಭಾರ ಯಾರ ಹೆಗಲಿಗೆ? ಹೊಲ ಮಾರಿದರೆ ಬಡ್ಡಿಯಿಲ್ಲ ಎನ್ನುವವರುಂಟು. ವರ್ಷವರ್ಷವೂ ಬೆಳೆ ಕೊಡುತ್ತಿದ್ದ ಹೊಲ ಕೈಬಿಟ್ಟು ಹೋದರೆ, ಬಾರದ ಆ ಬೆಳೆಯೇ ಬಡ್ಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಅವರ ಓದಿನ ವಿಷಯ ಬಂದಾಗ ನಾವೇ ಮರೆಯುತ್ತೇವೆ. ಹಿಂದೆ ಒಂಬತ್ತನೆಯ ತರಗತಿಯಲ್ಲಿರುವ ಮಗಳ ಓದಿಗೂ ಆ ಹೊಲದಲ್ಲಿ ಪಾಲಿದೆ ಎಂಬುದನ್ನು ತಂದೆ ನೆನೆಯಬೇಕು. ಅಣ್ಣನ ಸೀಟಿಗಾಗಿ ಎಲ್ಲವನ್ನೂ ಸುರಿದು, ತಂಗಿಯ ಸರದಿ ಬಂದಾಗ "ನಿನಗೆ ಏನಾದರೂ ಒಂದು ಡಿಗ್ರಿ ಸಾಕು" ಎನ್ನುವುದು ನಮ್ಮ ಅನೇಕ ಮನೆಗಳಲ್ಲಿ ನಡೆಯುತ್ತಿರುವ ಅನ್ಯಾಯ. ಬಿ.ಸಿ.ಎ.ಯನ್ನು ಮದುವೆಯವರೆಗಿನ ಕಾಲಯಾಪನೆಯೆಂದು ಹೆಣ್ಣುಮಕ್ಕಳಿಗೆ ಕೊಡಿಸುವ ತಂದೆತಾಯಿಯರಿಗೂ ಇದೇ ಮಾತು. ಆ ಪದವಿ ಆಕೆಗೆ ಕೂಡ ಕಸುಬಿನ ಪದವಿಯೇ. ಆಕೆ ಎಂ.ಸಿ.ಎ. ಓದುವೆನೆಂದರೆ ತಡೆಯಬೇಡಿರಿ.

ಬಿ.ಸಿ.ಎ. ಶುಲ್ಕವು ಸಾಮಾನ್ಯವಾಗಿ ಇಂಜಿನಿಯರಿಂಗಿಗಿಂತ ಬಹಳ ಕಡಿಮೆ. ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಿಯೇ ಕಾಲೇಜುಗಳಿರುವುದರಿಂದ ಮನೆಯಿಂದಲೇ ಓಡಾಡಿ ಓದಲು ಸಾಧ್ಯ. ಸಾಲ ಬೇಕಾದರೂ, ನಾಲ್ಕು ಲಕ್ಷ ರೂಪಾಯಿಯವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನವನ್ನು ಕೇಳಬಾರದೆಂಬ ನಿಯಮವಿದೆ. ಹೊಲದ ಪಹಣಿಯನ್ನು ಹಿಡಿದು ಸಾಹುಕಾರನ ಬಾಗಿಲಿಗೆ ಹೋಗುವ ಮುನ್ನ ಇದನ್ನು ಬ್ಯಾಂಕಿನಲ್ಲಿ ವಿಚಾರಿಸಿರಿ.

ಇನ್ನೊಂದು ವ್ಯಾವಹಾರಿಕ ಮಾತು. ಪದವಿ ಕಾಲೇಜುಗಳು ಬೇಗ ಪ್ರವೇಶ ಮುಗಿಸುತ್ತವೆ. ಇಂಜಿನಿಯರಿಂಗ್ ಸೀಟು ಹಂಚಿಕೆ ತಡವಾಗಿ ಮುಗಿಯುತ್ತದೆ. ಹೀಗಾಗಿ ಅನೇಕರು ಮೊದಲು ಬಿ.ಸಿ.ಎ.ಗೆ ಹಣ ಕಟ್ಟಿ, ಆಮೇಲೆ ಸೀಟು ಸಿಕ್ಕಿತೆಂದು ಬಿಟ್ಟುಹೋಗುತ್ತಾರೆ. ಅಂತಹವರ ಶುಲ್ಕವನ್ನು ಹಿಂದಿರುಗಿಸುವ ಬಗೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೪ರಲ್ಲಿ ಸ್ಪಷ್ಟ ಸೂಚನೆ ಹೊರಡಿಸಿ, ಗಡುವಿನೊಳಗೆ ಬಿಟ್ಟವರಿಗೆ ಪೂರ್ಣ ಶುಲ್ಕ ಕೊಡಬೇಕೆಂದು ಹೇಳಿತು. ಆಯಾ ವರ್ಷದ ಗಡುವನ್ನು ಕೇಳಿ ತಿಳಿದುಕೊಂಡು, ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ಹಿಡಿದಿಟ್ಟುಕೊಳ್ಳಲು ಬಿಡಬೇಡಿರಿ.

ಎಲ್ಲಿ ಬಿ.ಸಿ.ಎ. ಸಾಲದು

ಒಂದು ಕಡೆಯ ಗುಣವನ್ನೇ ಹೇಳಿ ಇನ್ನೊಂದು ಕಡೆಯನ್ನು ಮರೆಮಾಚುವುದು ಹಿತೈಷಿಗಳ ಲಕ್ಷಣವಲ್ಲ. ಬಿ.ಸಿ.ಎ. ಸಾಲದೆ ಹೋಗುವ ಸಂದರ್ಭಗಳನ್ನೂ ನಿರ್ದಾಕ್ಷಿಣ್ಯವಾಗಿ ಹೇಳಬೇಕು.

ಇಸ್ರೋದಲ್ಲಿ ವಿಜ್ಞಾನಿ-ಇಂಜಿನಿಯರ್ ಹುದ್ದೆ, ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಹುದ್ದೆ, ಕೇಂದ್ರದ ಇಂಜಿನಿಯರಿಂಗ್ ಸೇವೆ ಇವುಗಳಿಗೆ ಇಂಜಿನಿಯರಿಂಗ್ ಪದವಿಯೇ ಬೇಕು. ಚಿಪ್ ವಿನ್ಯಾಸ, ಎಲೆಕ್ಟ್ರಾನಿಕ್ಸ್, ರೋಬೋಟು, ಯಂತ್ರ ಇವುಗಳಲ್ಲಿ ಆಸಕ್ತಿಯಿರುವ ಮಗುವಿಗೆ ಬಿ.ಸಿ.ಎ. ಸರಿಯಾದ ದಾರಿಯಲ್ಲ. ಬ್ಯಾಂಕಿನ ಗಣಕಾಧಿಕಾರಿ ಹುದ್ದೆಗೆ ಬಿ.ಸಿ.ಎ. ಒಂದೇ ಸಾಮಾನ್ಯವಾಗಿ ಸಾಲದು. ಎಂ.ಸಿ.ಎ. ಮುಗಿಸಿದರೆ ಅರ್ಹತೆ ಬರುತ್ತದೆ. ಹೊರದೇಶದಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಅಪೇಕ್ಷಿಸುತ್ತವೆ. ಮೂರು ವರ್ಷದ ಪದವಿಯವರು ಇಲ್ಲಿಯೇ ಎಂ.ಸಿ.ಎ. ಓದಿ ಹೋಗುವುದು ಲೇಸು. ದೊಡ್ಡ ಸಂಸ್ಥೆಗಳಲ್ಲಿ ಕೂಡ ಬಿ.ಸಿ.ಎ. ಪದವೀಧರನಿಗೆ ಆರಂಭದ ಸಂಬಳ ಇಂಜಿನಿಯರಿಗಿಂತ ಕಡಿಮೆಯೇ ಇರುತ್ತದೆ. ಕೆಲವು ವರ್ಷಗಳ ಅನುಭವದ ಬಳಿಕ ಕೆಲಸ ಬಲ್ಲವನಿಗೆ ಈ ಅಂತರ ಕಿರಿದಾಗುತ್ತದೆ, ಬಲ್ಲದವನಿಗೆ ಹಾಗೆಯೇ ಉಳಿಯುತ್ತದೆ.

ಇದಕ್ಕೆ ಎದುರಾಗಿ, ಯಾವುದೇ ಪದವಿ ಸಾಕೆನ್ನುವ ಪರೀಕ್ಷೆಗಳು ಅನೇಕವಿವೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆ, ರಾಜ್ಯದ ಕೆ.ಎ.ಎಸ್., ಬ್ಯಾಂಕುಗಳ ಪ್ರೊಬೇಷನರಿ ಅಧಿಕಾರಿ ಹುದ್ದೆ ಇವೆಲ್ಲ ಅಂತಹವು. ಇಪ್ಪತ್ತೊಂದಕ್ಕೆ ಪದವಿ ಮುಗಿಸಿದ ಮಗುವಿಗೆ ಇವುಗಳಿಗೆ ಓದಲು ಒಂದು ವರ್ಷದ ಬಿಡುವು ಸಿಕ್ಕಂತಾಗುತ್ತದೆ.

ನಾವು ಮುಖ್ಯವಾಗಿ ಎಚ್ಚರಿಸಬೇಕೆಂದಿರುವುದು ಇನ್ನೊಂದು ಭ್ರಮೆಯನ್ನು ಕುರಿತು. ಬಿ.ಸಿ.ಎ. ಸುಲಭ, ಪರೀಕ್ಷೆಗೆ ಹದಿನೈದು ದಿನ ಓದಿದರೆ ಸಾಕು ಎಂದು ತಿಳಿದು ಬರುವ ಹುಡುಗರಿದ್ದಾರೆ. ಪಾಸಾಗುವುದು ಸುಲಭವಿರಬಹುದು, ವಿದ್ಯೆ ಸುಲಭವಲ್ಲ. ೨೦೨೨ರ ನವೆಂಬರ್ ಕಡೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ಯಂತ್ರವೇ ಬರೆದುಕೊಡುತ್ತಿದೆ. ಪುಸ್ತಕದ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ ಅಂಕ ಪಡೆದವನು, ಬಿ.ಸಿ.ಎ.ಯವನಿರಲಿ ಇಂಜಿನಿಯರನಿರಲಿ, ಆ ಯಂತ್ರದೊಡನೆ ಸ್ಪರ್ಧಿಸಲಾರ. ಸಮಸ್ಯೆ ಯಾವುದು, ಅದನ್ನು ಹೇಗೆ ಬಿಡಿಸಬೇಕು, ಯಂತ್ರ ಕೊಟ್ಟ ಉತ್ತರದಲ್ಲಿ ತಪ್ಪು ಎಲ್ಲಿದೆ ಎಂದು ಕಾಣಬಲ್ಲವನಿಗೆ ಮಾತ್ರ ಬೆಲೆ. ಬಿ.ಸಿ.ಎ. ಓದುವ ಹುಡುಗನು ಇಂಜಿನಿಯರಿಂಗ್ ಓದುವ ಗೆಳೆಯನಿಗಿಂತ ಹೆಚ್ಚು ದುಡಿಯಬೇಕೇ ಹೊರತು ಕಡಿಮೆ ಅಲ್ಲ.

ದುಡಿಯುವ ಬಗೆ

ಹೇಗೆ ದುಡಿಯಬೇಕೆಂದು ಕೇಳಿದರೆ ಕೆಲವು ಮಾತುಗಳನ್ನು ಹೇಳುತ್ತೇವೆ. ಮೊದಲನೆಯದಾಗಿ, ತರಗತಿಯ ಪಾಠದ ಹೊರಗೆ ಕಲಿಯುವ ಸಾಧನಗಳು ಇಂದು ಬಿಟ್ಟಿಯಾಗಿಯೇ ಸಿಗುತ್ತವೆ. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿ ಓದುವ ವಿಷಯಗಳೆಲ್ಲ ಇವೆ. ಬಿ.ಸಿ.ಎ.ಯಲ್ಲಿ ಕೈಬಿಟ್ಟುಹೋದ ಆಳವನ್ನು ಅಲ್ಲಿ ತುಂಬಿಕೊಳ್ಳಬಹುದು. ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯಲ್ಲಿ ಕನ್ನಡದಲ್ಲಿಯೇ ಗಣಕದ ಪಾಠಗಳಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷಿಗೆ ಹೆದರಿ ಎದೆಗುಂದುತ್ತಾರೆ. ಅವರು ಮೊದಲು ಕನ್ನಡದಲ್ಲಿ ವಿಷಯವನ್ನು ಅರಿತು, ಆಮೇಲೆ ಇಂಗ್ಲಿಷ್ ಪಾಠವನ್ನು ಕೇಳಿದರೆ ಭಯ ಬಿಟ್ಟುಹೋಗುತ್ತದೆ.

ಎರಡನೆಯದಾಗಿ, ಓದಿದ್ದನ್ನು ಕೈಯಿಂದ ಮಾಡಿ ನೋಡಬೇಕು. ಊರಿನ ಹಾಲಿನ ಸಂಘದ ಲೆಕ್ಕ, ಮಠದ ಗ್ರಂಥಾಲಯದ ಪುಸ್ತಕಪಟ್ಟಿ, ತಂದೆಯ ಅಡಿಕೆ ಮಾರಾಟದ ಖಾತೆ, ಇಂತಹ ಕಣ್ಣೆದುರಿನ ಕೆಲಸಗಳಿಗೆ ಒಂದೊಂದು ಚಿಕ್ಕ ಸಾಫ್ಟ್‌ವೇರ್ ಬರೆಯಲಿ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಹೆಚ್ಚು ಮಾತಾಡುವುದು ಇಂತಹ ಕೆಲಸ. ಮನೆಯವರು ಇಲ್ಲಿ ಒಂದು ಉಪಕಾರ ಮಾಡಬೇಕು. ಮಗುವಿಗೆ ದುಬಾರಿ ಬೈಕು ಕೊಡಿಸುವ ಬದಲು ಒಂದು ಸಾಧಾರಣ ಲ್ಯಾಪ್‌ಟಾಪು ಕೊಡಿಸಿರಿ. ಬಿ.ಸಿ.ಎ. ಓದುವವನಿಗೆ ಅದು ಒಕ್ಕಲಿಗನಿಗೆ ನೇಗಿಲಿದ್ದಂತೆ.

ಮೂರನೆಯದಾಗಿ, ಗಣಕದ ಜೊತೆಗೆ ಇನ್ನೊಂದು ಕ್ಷೇತ್ರದ ತಿಳುವಳಿಕೆಯಿರಲಿ. ವಾಣಿಜ್ಯ ಓದಿ ಬಂದ ಮಗು ಲೆಕ್ಕಶಾಸ್ತ್ರವನ್ನು ಬಲ್ಲುದು. ನಮ್ಮ ಬೆಂಗಳೂರಿನ ಟ್ಯಾಲಿ ಸಂಸ್ಥೆ ಬೆಳೆದು ನಿಂತಿರುವುದು ಲೆಕ್ಕ ಮತ್ತು ಗಣಕ ಎರಡೂ ಕೂಡುವ ಆ ಎಡೆಯಲ್ಲಿಯೇ. ಇನ್ನೂ ಹತ್ತಿರದ ಉದಾಹರಣೆ ಬೇಕೆ? ಇಪ್ಪತ್ತೈದು ವರ್ಷಗಳ ಹಿಂದೆ ಪಹಣಿಗಾಗಿ ರೈತನು ಗ್ರಾಮಲೆಕ್ಕಿಗರ ಹಿಂದೆ ಅಲೆಯಬೇಕಾಗಿತ್ತು. ಭೂಮಿ ಯೋಜನೆಯಲ್ಲಿ ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಏರಿದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅದು ಕೈಗೆ ಬರುವಂತಾಯಿತು. ಆ ಕೆಲಸಕ್ಕೆ ಗಣಕವನ್ನು ಬಲ್ಲವರಷ್ಟೇ ಸಾಲುತ್ತಿರಲಿಲ್ಲ. ಸರ್ವೆ ನಂಬರು ಎಂದರೇನು, ಪೋಡಿ ಎಂದರೇನು, ಮ್ಯುಟೇಷನ್ ಹೇಗೆ ನಡೆಯುತ್ತದೆ ಎಂದು ಕನ್ನಡದಲ್ಲಿ ಬಲ್ಲವರೂ ಬೇಕಾದರು. ಹೊಲದ ಮಣ್ಣು ಗೊತ್ತಿರುವ ನಮ್ಮ ಮಕ್ಕಳಿಗೆ ಇದು ಕೊರತೆಯಲ್ಲ, ಬಂಡವಾಳ.

ಕಾಲೇಜನ್ನು ಆರಿಸುವಾಗ ಕಟ್ಟಡದ ಅಂದವನ್ನು ನೋಡಬೇಡಿರಿ. ಪ್ರಯೋಗಾಲಯದ ಗಣಕಗಳು ನಡೆಯುತ್ತಿವೆಯೆ, ಖಾಯಂ ಅಧ್ಯಾಪಕರು ಎಷ್ಟು ಮಂದಿ, ಪಠ್ಯಕ್ರಮವನ್ನು ಕಡೆಯ ಸಲ ಪರಿಷ್ಕರಿಸಿದುದು ಯಾವಾಗ ಎಂದು ಕೇಳಿರಿ. "ನಮ್ಮಲ್ಲಿ ಒಬ್ಬನಿಗೆ ಇಷ್ಟು ಲಕ್ಷ ಸಂಬಳ ಸಿಕ್ಕಿತು" ಎಂಬ ಫಲಕಕ್ಕೆ ಮರುಳಾಗದೆ, ತೇರ್ಗಡೆಯಾದ ಒಟ್ಟು ಮಂದಿಯಲ್ಲಿ ಎಷ್ಟು ಜನಕ್ಕೆ ಕೆಲಸವಾಯಿತೆಂದು ಕೇಳಿರಿ. ಕಡೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಹೊರಗೆ ಮಾತಾಡಿಸಿದರೆ ಸತ್ಯ ತಿಳಿಯುತ್ತದೆ. ಪದವಿ ಮುಗಿದ ಮೇಲೆ ಠೇವಣಿ ಕಟ್ಟಿದರೆ ಕೆಲಸ ಖಚಿತ ಎನ್ನುವವರನ್ನು ಬಾಗಿಲ ಹೊರಗೇ ನಿಲ್ಲಿಸಿರಿ. ಇಂತಿಷ್ಟು ವರ್ಷ ಬಿಡಬಾರದೆಂಬ ಕರಾರಿಗೆ ಸಹಿ ಹಾಕುವ ಮುನ್ನ ಅದನ್ನು ಪೂರ್ತಿ ಓದಿಸಿಕೊಳ್ಳಿರಿ.

ಹಿರಿಯರಿಗೆ ಒಂದು ಮಾತು

ಇಂಜಿನಿಯರಿಂಗ್ ಬೇಡವೆಂದು ನಾವು ಹೇಳುತ್ತಿಲ್ಲ. ಗಣಿತದಲ್ಲಿ ಬಲವಿದ್ದು, ಒಳ್ಳೆಯ ರ್‍ಯಾಂಕು ಬಂದು, ಸರ್ಕಾರದ ದರದಲ್ಲಿ ಒಳ್ಳೆಯ ಕಾಲೇಜಿನ ಸೀಟು ದೊರೆತ ಮಗುವನ್ನು ಹಿಂದು ಮುಂದು ನೋಡದೆ ಕಳುಹಿಸಿರಿ. ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷದ ಇಂಜಿನಿಯರಿಂಗಿಗೆ ನೇರವಾಗಿ ಸೇರುವ ದಾರಿಯೂ ಇದೆ ಎಂಬುದನ್ನು ಮರೆಯಬೇಡಿರಿ. ಆದರೆ ಮನಸ್ಸಿಲ್ಲದ ಮಗುವಿಗೆ, ಹೆಸರಿಲ್ಲದ ಕಾಲೇಜಿನಲ್ಲಿ, ಹೊಲ ಮಾರಿ ಕೊಂಡ ಸೀಟು ಮೂರು ಕಡೆಯಿಂದಲೂ ನಷ್ಟದ ವ್ಯಾಪಾರ. ಪತ್ರ ಬರೆದ ಆ ತಾಯಿಗೆ ನಮ್ಮ ಸಲಹೆ ಇದು: ತಂದೆಯವರು ಮಗನನ್ನು ಎದುರಿಗೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಲಿ. ನಿನಗೆ ಗಣಕದಲ್ಲಿ ನಿಜವಾದ ಆಸೆಯಿದೆಯೆ, ಅಥವಾ ಇಂಜಿನಿಯರಿಂಗಿನ ಕಷ್ಟಕ್ಕೆ ಹೆದರಿದೆಯಾ? ಮೂರು ವರ್ಷದ ಬಳಿಕ ಎಂ.ಸಿ.ಎ. ಓದುವೆಯಾ? ದಿನಕ್ಕೆ ಎಷ್ಟು ಹೊತ್ತು ದುಡಿಯುವೆ? ಉತ್ತರಗಳಲ್ಲಿ ಪ್ರಾಮಾಣಿಕತೆ ಕಂಡರೆ ಹೊಲ ಹೊಲವಾಗಿಯೇ ಉಳಿಯಲಿ, ಹುಡುಗ ಬಿ.ಸಿ.ಎ.ಗೆ ಸೇರಲಿ.

ಹೆಣ್ಣು ಕೊಡುವವರು ಯಾರು ಎಂದು ನಗುವ ಬೀಗರಿಗೂ ಒಂದು ಮಾತು ಸಲ್ಲಬೇಕು. ಕಾಯಕದಲ್ಲಿ ಮೇಲು ಕೀಳು ಇಲ್ಲವೆಂದು ಸಭೆಗಳಲ್ಲಿ ಹೇಳುವ ನಾವೇ ಪದವಿಗಳ ನಡುವೆ ಪಂಕ್ತಿಭೇದ ಮಾಡುವುದು ಸರಿಯೆ? ಹುಡುಗನ ಹೆಸರಿನ ಮುಂದೆ ಯಾವ ಅಕ್ಷರಗಳಿವೆ ಎಂದು ಕೇಳುವ ಮುನ್ನ, ಅವನಿಗೆ ಸಾಲವೆಷ್ಟಿದೆ, ಕೆಲಸ ಬರುತ್ತದೆಯೆ, ನಡತೆ ಹೇಗಿದೆ ಎಂದು ಕೇಳುವ ಸಂಬಂಧಿಕರು ನಮ್ಮಲ್ಲಿ ಹೆಚ್ಚಬೇಕು. ಸಾಲವಿಲ್ಲದೆ ಓದು ಮುಗಿಸಿ, ತನ್ನ ವಿದ್ಯೆಯಿಂದ ತಾನು ದುಡಿದು ತಿನ್ನುವ ಮಗನೂ ಮಗಳೂ ಯಾವ ಮನೆಗೂ ಭೂಷಣವೇ. ಈ ಸಲದ ಫಲಿತಾಂಶ ನಿಮ್ಮ ಮನೆಗಳಿಗೆ ನೆಮ್ಮದಿಯನ್ನು ತರಲಿ, ನಿಮ್ಮ ಮಕ್ಕಳ ದಾರಿ ಅವರ ಶಕ್ತಿಗೆ ಒಪ್ಪುವಂತಿರಲಿ ಎಂದು ಹಾರೈಸುತ್ತೇವೆ.